ಉತ್ತರ ಕೊಟ್ಟವರು ಯಾರು?

ದೋಷವನ್ನು ಹುಡುಕಹೊರಟವನು ಮೊಟ್ಟಮೊದಲು ಮಾರ್ಗವನ್ನು ಎರಡಾಗಿ ಭಾಗಿಸಿ ನೋಡತಕ್ಕದ್ದೆಂಬುದು ದೂರವಾಣಿ ಇಲಾಖೆಯಲ್ಲಿ ನನ್ನ ತಲೆಮಾರಿನವರಿಗೆ ದೊರೆತ ಪ್ರಥಮ ಪಾಠ. ತನ್ನ ಫೋನು ಮೂಕವಾಗಿದೆಯೆಂದು ಚಂದಾದಾರನೊಬ್ಬನು ನೆರೆಮನೆಯಿಂದ 198ಕ್ಕೆ ದೂರಿತ್ತನೆಂದರೆ, ಎಕ್ಸ್‌ಚೇಂಜಿನ ಟೆಸ್ಟ್ ಡೆಸ್ಕಿನಲ್ಲಿ ಕುಳಿತವರು ಲೈನ್‌ಮನ್ನನನ್ನು ಒಡನೆಯೇ ಬೀದಿಗೆ ಅಟ್ಟುತ್ತಿರಲಿಲ್ಲ. ಊರಿನ ಸಮಸ್ತ ತಂತಿಗಳೂ ಬಂದು ಸೇರುವ ಎಂ.ಡಿ.ಎಫ್. ಎಂಬ ಚೌಕಟ್ಟಿನಲ್ಲಿ ಆ ಒಂದು ಜೋಡಿಯನ್ನು ಬಿಡಿಸಿ, ಯಂತ್ರದ ಕಡೆಗೆ ಒಮ್ಮೆ, ಬೀದಿಯ ಕಡೆಗೆ ಒಮ್ಮೆ ಪರೀಕ್ಷಿಸಿ, ದೋಷವು ಒಳಗಿನದೋ ಹೊರಗಿನದೋ ಎಂಬುದನ್ನು ನಿರ್ಣಯಿಸಿಕೊಂಡು, ಹೊರಗಿನದೆಂದು ಸಿದ್ಧವಾದಮೇಲೆ ಕ್ಯಾಬಿನೆಟ್ಟಿನಲ್ಲಿ, ಅನಂತರ ಪಿಲ್ಲರಿನಲ್ಲಿ, ಅದಕ್ಕೂ ಮುಂದೆ ಡಿ.ಪಿ. ಪೆಟ್ಟಿಗೆಯಲ್ಲಿ ಅದೇ ಪ್ರಶ್ನೆಯನ್ನು ಕೇಳುತ್ತ ಹೋಗಿ, ಸ್ವಸ್ಥವಾದ ಭಾಗ ಎಲ್ಲಿ ಮುಗಿದು ಅಸ್ವಸ್ಥವಾದದ್ದು ಎಲ್ಲಿ ಮೊದಲಾಗುವುದೋ ಆ ಸ್ಥಾನವನ್ನು ಮುಟ್ಟುತ್ತಿದ್ದರು. ಮಳೆಗಾಲದಲ್ಲಿ ಸೀಸದ ಕವಚದ ಹಳೆಯ ಕೇಬಲ್ಲಿನೊಳಕ್ಕೆ ನೀರು ಹೊಕ್ಕು ತಂತಿಗಳ ಕಾಗದದ ಹೊದಿಕೆ ನೆನೆದುಹೋದಾಗ, ನೆಲದಡಿಯಲ್ಲಿ ಎಲ್ಲೋ ಅಡಗಿರುವ ಆ ದೋಷದ ದೂರವನ್ನು ಮರ್ರೆ ಲೂಪ್ ಎಂಬ ಪರೀಕ್ಷೆಯಿಂದ ಕುಳಿತಲ್ಲಿಯೇ ಅಳೆದು, ಇಷ್ಟು ಮೀಟರಿನಾಚೆ ಅಗೆಯಿರಿ ಎಂದು ಜಾಯಿಂಟರಿಗೆ ಹೇಳಬಲ್ಲ ಹಿರಿಯರನ್ನು ನಾನು ಕಂಡಿದ್ದೇನೆ. ಅವರಲ್ಲಿ ಅವಸರವೆಂಬುದು ಇರಲಿಲ್ಲ. ಊಹೆಯನ್ನು ಅವರು ನಿಷೇಧಿಸುತ್ತಿರಲಿಲ್ಲ. ಬರಿಯ ಊಹೆಯ ಬಲದಿಂದ ಗುದ್ದಲಿ ಎತ್ತಲು ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ.

ನನ್ನ ಸೇವಾವಧಿಯಲ್ಲಿ ಯಂತ್ರಗಳು ಗುರುತು ಸಿಕ್ಕದಷ್ಟು ರೂಪಾಂತರಗೊಂಡವು. ಸ್ಟ್ರೌಜರ್ ಎಕ್ಸ್‌ಚೇಂಜಿನ ಎಡೆಬಿಡದ ಕಟಕಟ ಶಬ್ದದ ನಡುವೆ ಕೆಲಸ ಕಲಿತ ನಾವು, ನಮ್ಮ ದೇಶದಲ್ಲಿಯೇ ಸಿ-ಡಾಟ್ ಸಂಸ್ಥೆಯವರು ನಿರ್ಮಿಸಿದ 128 ಪೋರ್ಟುಗಳ ಗ್ರಾಮೀಣ ಎಕ್ಸ್‌ಚೇಂಜು 1986ರಲ್ಲಿ ಮೊಟ್ಟಮೊದಲಿಗೆ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತೆಂಬ ವಾರ್ತೆಯನ್ನು ಕೇಳಿ, ಅದು ನಮ್ಮ ನಾಡಿನ ಊರೆಂಬ ಕಾರಣಕ್ಕೆ ಇನ್ನಷ್ಟು ಹಿಗ್ಗಿದವರು. ಅನಂತರ ತಾಮ್ರದ ಸ್ಥಾನಕ್ಕೆ ಗಾಜಿನ ಎಳೆ ಬಂದದ್ದನ್ನೂ, ಕೊನೆಗೆ ಮನೆಯೊಳಗಣ ಆ ಕಟ್ಟಕಡೆಯ ಕೆಲವು ಗಜಗಳ ತಂತಿಯೂ ಇಲ್ಲದಾಗಿ ಸಂಭಾಷಣೆಯೆಲ್ಲವೂ ಬಯಲಿನಲ್ಲಿ ಸಂಚರಿಸತೊಡಗಿದ್ದನ್ನೂ ನೋಡಿದವರು. ರೇಡಿಯೋ ಇಟ್ಟುಕೊಂಡ ಗೃಹಸ್ಥನು ವರ್ಷಕ್ಕೊಮ್ಮೆ ಅಂಚೆಯ ಕಚೇರಿಗೆ ಹೋಗಿ ಲೈಸೆನ್ಸಿನ ಹಣ ಕಟ್ಟಿ ಮುದ್ರೆ ಒತ್ತಿಸಿಕೊಂಡು ಬರುತ್ತಿದ್ದ ದಿನಗಳು ನನಗೆ ಚೆನ್ನಾಗಿ ನೆನಪಿವೆ. ಅಪ್ಪಣೆಯಿಲ್ಲದೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳುವುದೇ 1933ರ ಕಾಯಿದೆಯ ಪ್ರಕಾರ ಅಪರಾಧವಾಗಿದ್ದಿತು. ಅಂಥ ದೇಶದಲ್ಲಿ 2005ನೆಯ ಇಸವಿಯ ಜನವರಿಯಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು ಅಲ್ಪಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನ ಹಂಗಿಲ್ಲದೆ ಬಿಟ್ಟುಕೊಟ್ಟ ಆಜ್ಞೆ ಹೊರಟಿತು. ವೈಫೈ ಎಂದು ಇಂದು ಮಕ್ಕಳೂ ಬಲ್ಲ ಸೌಕರ್ಯ ನಮ್ಮ ಮನೆಗಳ ಒಳಹೊಕ್ಕದ್ದು ಆ ಬಾಗಿಲಿನಿಂದ. 1895ರಲ್ಲಿ ಕಲ್ಕತ್ತೆಯ ಪುರಭವನದಲ್ಲಿ ಜಗದೀಶಚಂದ್ರ ಬೋಸರು ಕಣ್ಣಿಗೆ ಕಾಣದ ಕಿರುತರಂಗಗಳನ್ನು ಗೋಡೆಗಳ ಮೂಲಕ ಹಾಯಿಸಿ ಆಚೆಯ ಗಂಟೆಯನ್ನು ಬಾರಿಸಿದ ವೃತ್ತಾಂತವನ್ನು ಓದಿದಾಗಲೆಲ್ಲ, ಆ ಮಹನೀಯರು ನಮ್ಮ ಮನೆಗಳ ಮೂಲೆಯಲ್ಲಿ ಮಿನುಗುವ ಈ ಪೆಟ್ಟಿಗೆಯನ್ನು ಕಂಡಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ ಎಂದು ನನಗೆ ಅನ್ನಿಸುವುದುಂಟು.

ನಾನು ಹೇಳಹೊರಟದ್ದು 2020ನೆಯ ಇಸವಿಯ ಆಷಾಢದಲ್ಲಿ, ತೀರ್ಥಹಳ್ಳಿಯ ಕಡೆಯ ನನ್ನ ಅಕ್ಕನ ಮನೆಯಲ್ಲಿ ನಡೆದ ಸಂಗತಿಯನ್ನು. ಮಹಾಮಾರಿಯ ದೆಸೆಯಿಂದ ಬೆಂಗಳೂರಿನ ಕಚೇರಿಗಳೆಲ್ಲ ಬಾಗಿಲು ಮುಚ್ಚಿ, ಅಲ್ಲಿ ಉದ್ಯೋಗದಲ್ಲಿದ್ದ ತರುಣತರುಣಿಯರು ಕಂಪ್ಯೂಟರನ್ನು ಹೆಗಲಿಗೇರಿಸಿಕೊಂಡು ತಂತಮ್ಮ ಊರುಗಳಿಗೆ ಮರಳಿದ್ದ ಕಾಲವದು. ಮಲೆನಾಡಿನ ಹಳ್ಳಿಗಳಲ್ಲಿ ಶಾಲೆಯ ಮಕ್ಕಳು ಪಾಠ ಕೇಳುವುದಕ್ಕಾಗಿ ಕೊಡೆ ಹಿಡಿದು ಗುಡ್ಡವೇರಿ, ಮೊಬೈಲಿನ ಸಂಕೇತ ಸಿಕ್ಕುವ ಬಂಡೆಯೊಂದನ್ನು ಹುಡುಕಿಕೊಂಡು ಕುಳಿತಿರುತ್ತಿದ್ದ ದೃಶ್ಯ ಅಂದು ಸಾಮಾನ್ಯವಾಗಿದ್ದಿತು. ಇದನ್ನು ಕಂಡು ನಾನು ನೊಂದಿದ್ದೇನೆ. ಆಯುಷ್ಯವನ್ನೆಲ್ಲ ಜನರ ಮಾತನ್ನು ಜನರಿಗೆ ಮುಟ್ಟಿಸುವ ಉದ್ಯೋಗದಲ್ಲಿ ಕಳೆದವನಿಗೆ ಅದು ಸಹಿಸಲಸಾಧ್ಯವಾದ ನೋಟ. ಅಕ್ಕನ ಮನೆಗೆ ಗಾಜಿನೆಳೆಯ ಸಂಪರ್ಕ ಆ ಮುಂಚೆಯೇ ಬಂದಿದ್ದುದರಿಂದ ಅವಳ ಮೊಮ್ಮಗಳು ಗುಡ್ಡವೇರುವ ಕಷ್ಟದಿಂದ ಪಾರಾಗಿದ್ದಳು. ಆದರೂ ಆಕೆಯ ಮುಖದಲ್ಲಿ ನೆಮ್ಮದಿಯಿರಲಿಲ್ಲ.

ಅಕ್ಕನದು ತೊಟ್ಟಿಯ ಮನೆ. ಮಾರುದ್ದದ ತೋಳಿನಿಂದ ತಬ್ಬಬೇಕೆನ್ನುವಷ್ಟು ದಪ್ಪದ ಮಣ್ಣಿನ ಗೋಡೆ; ಕೆಳಗಿನ ಕೋಣೆಗಳಿಗೆ ಹಲಗೆ ಜೋಡಿಸಿ ಮೇಲೆ ಮಣ್ಣು ಮೆತ್ತಿದ ಮುಚ್ಚಿಗೆ; ಆ ಮುಚ್ಚಿಗೆಯೇ ನೆಲವಾಗಿರುವ ಉಪ್ಪರಿಗೆ; ಅದರಮೇಲೆ ಹೆಂಚಿನ ಮಾಡು. ಬೇಸಗೆಯಲ್ಲಿ ತಂಪನ್ನೂ ಚಳಿಯಲ್ಲಿ ಬೆಚ್ಚನೆಯನ್ನೂ ಕೊಡುವ ಈ ಗೋಡೆಗಳನ್ನು ಕಟ್ಟಿದ ಹಿರಿಯರು ಹನ್ನೆರಡೂವರೆ ಸೆಂಟಿಮೀಟರು ಉದ್ದದ ತರಂಗವೊಂದು ಇವುಗಳನ್ನು ಹಾದುಹೋಗಬೇಕಾದೀತೆಂದು ಎಣಿಸಿದ್ದವರಲ್ಲ. ಒಣಗಿದ ಮಣ್ಣಿಗಿಂತ ನೆನೆದ ಮಣ್ಣು ಈ ತರಂಗಗಳನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆಯ ಆಸುಪಾಸಿನ ಆ ಸೀಮೆಯಲ್ಲಿ ಆಷಾಢದ ಗೋಡೆಯೆಂದರೆ ಕೈಯಿಟ್ಟರೆ ತೇವ ಅಂಟುವ ಗೋಡೆ. ಸಂಪರ್ಕದ ಪೆಟ್ಟಿಗೆ ಜಗಲಿಯ ಗೂಡಿನಲ್ಲಿದ್ದಿತು. ಹುಡುಗಿಯ ಮೇಜು ಉಪ್ಪರಿಗೆಯ ಹಿಂಬದಿಯ ಕೋಣೆಯಲ್ಲಿ, ಅದೂ ಕನ್ನಡಿಯಿರುವ ದೊಡ್ಡ ಕಬ್ಬಿಣದ ಬೀರುವಿನ ಮರೆಯಲ್ಲಿ. ಲೋಹವು ಇಂಥ ತರಂಗಗಳನ್ನು ಹಾಯಗೊಡದೆ ಹಿಂದಕ್ಕೆ ತಳ್ಳುವುದಾದ್ದರಿಂದ ಆ ಬೀರು ಗೋಡೆಗೆ ಮತ್ತೊಂದು ಗೋಡೆಯಾಗಿ ನಿಂತಿದ್ದಿತು.

ಈ ತೊಡಕನ್ನು ಮನೆಯವರು ಆಗಲೇ ಕಂಡುಕೊಂಡಿದ್ದರು. ಊರಿನ ಉತ್ಸಾಹಿ ಯುವಕನೊಬ್ಬನು, ಪೇಟೆಯಲ್ಲಿ ಯಾರೋ ಬಳಸಿ ಬಿಟ್ಟಿದ್ದ ಬೇರೊಂದು ರೂಟರನ್ನು ತಂದು, ಜಗಲಿಯ ಪೆಟ್ಟಿಗೆಯಿಂದ ತೊಟ್ಟಿಯ ಅಂಚಿನಗುಂಟ ನೀಲಿಯ ಕೇಬಲ್ಲೊಂದನ್ನು ಎಳೆದು, ಉಪ್ಪರಿಗೆಯ ಆ ಪೆಟ್ಟಿಗೆಗೆ ಸೇರಿಸಿ, ಎರಡಕ್ಕೂ ಒಂದೇ ಹೆಸರನ್ನೂ ಒಂದೇ ಗುಪ್ತಪದವನ್ನೂ ಕೊಟ್ಟು ಹೋಗಿದ್ದನು. ಮಾಡಿದ ಕೆಲಸಕ್ಕೆ ಕಾಸನ್ನೂ ಮುಟ್ಟಿರಲಿಲ್ಲ. ಅಂದಿನಿಂದ ಉಪ್ಪರಿಗೆಯಲ್ಲಿ ಸಂಕೇತವೇನೋ ಪೂರ್ಣವಾಗಿ ತೋರುತ್ತಿತ್ತು. ಸಂಪರ್ಕ ಮಾತ್ರ ಕ್ಷಣಕ್ಕೊಂದು ಬಗೆಯಾಗಿದ್ದಿತು. "ಅಜ್ಜ, ಫುಲ್ ಸಿಗ್ನಲ್ ತೋರಿಸ್ತದೆ, ಕನೆಕ್ಟೆಡ್ ಅಂತಲೂ ಬರ್ತದೆ. ಆದ್ರೆ ಇಂಟರ್ನೆಟ್ ಇಲ್ಲ ಅಂತದೆ. ಹತ್ತು ನಿಮಿಷ ಬಿಟ್ರೆ ತಾನಾಗಿಯೇ ಬರ್ತದೆ. ಮೀಟಿಂಗ್ ನಡುವೆ ಮತ್ತೆ ಹೋಗ್ತದೆ" ಎಂದು ಹುಡುಗಿ ಹೇಳುವಾಗ ಅವಳ ಗಂಟಲು ಕಟ್ಟಿಬಂದಿತು. ಹೊಸದಾಗಿ ಕೆಲಸಕ್ಕೆ ಸೇರಿದ ಮಗು. ಮೇಲಧಿಕಾರಿಗಳ ಎದುರಿನಲ್ಲಿ ಮಾತು ಅರ್ಧಕ್ಕೇ ನಿಂತುಹೋಗುವುದನ್ನು ಅವರು ಅಲಕ್ಷ್ಯವೆಂದು ಎಣಿಸಿಯಾರೆಂಬುದು ಅವಳ ಭಯ.

ನಾನು ಹೋಗುವಷ್ಟರಲ್ಲಿ ಚಿಕಿತ್ಸೆಗಳು ಸಾಕಷ್ಟು ನಡೆದಿದ್ದವು. ಕಚೇರಿಯ ಸಹಾಯವಿಭಾಗದವರು ದೂರದಿಂದಲೇ ಹೇಳಿ ನೆಟ್‌ವರ್ಕನ್ನು ಮರೆಯಿಸಿ ಮತ್ತೆ ಸೇರಿಸಿದ್ದರು. ಚಾಲಕತಂತ್ರಾಂಶವನ್ನು ತೆಗೆದು ಮತ್ತೆ ಹಾಕಿಸಿದ್ದರು. ನೆಂಟರೊಬ್ಬರು ಮಳೆಯೇ ಕಾರಣವೆಂದರು, ಮತ್ತೊಬ್ಬರು ಕಂಪ್ಯೂಟರು ಹಳೆಯದೆಂದರು. ಎಲ್ಲರೂ ಒಮ್ಮತದಿಂದ ಮಾಡುತ್ತಿದ್ದ ಉಪಚಾರವೆಂದರೆ ಜಗಲಿಯ ಪೆಟ್ಟಿಗೆಯನ್ನು ಆರಿಸಿ ಮತ್ತೆ ಹೊತ್ತಿಸುವುದು. ಹಾಗೆ ಮಾಡಿದಾಗ ಸ್ವಲ್ಪ ಹೊತ್ತು ಎಲ್ಲವೂ ಸರಿಹೋಗುತ್ತಲೂ ಇದ್ದಿತು. ಆರಿಸಿ ಹೊತ್ತಿಸುವ ಈ ಪದ್ಧತಿಯನ್ನು ಕುರಿತು ನನಗೆ ದೃಢವಾದ ಅಭಿಪ್ರಾಯವೊಂದುಂಟು. ಕೆಲಸ ತುರ್ತಾಗಿ ನಡೆಯಬೇಕಾದವರು ಅದನ್ನು ಮಾಡಲಿ. ಆದರೆ ದೋಷವನ್ನು ಹುಡುಕಬೇಕೆನ್ನುವವನು ಅದಕ್ಕೆ ಮೊದಲು ಕೈಯಿಕ್ಕಲಾಗದು. ಯಂತ್ರವು ಕೆಟ್ಟುನಿಂತ ಆ ಘಳಿಗೆಯಲ್ಲಿ ಅದರ ಸ್ಮೃತಿಯಲ್ಲಿ ಏನೇನು ಇರುತ್ತದೆಯೋ ಅದೆಲ್ಲವೂ ಸಾಕ್ಷ್ಯ. ಆರಿಸಿದ ಕ್ಷಣವೇ ಸಾಕ್ಷ್ಯ ಅಳಿಸಿಹೋಗುತ್ತದೆ, ದೋಷವು ಉಳಿದುಕೊಳ್ಳುತ್ತದೆ. ಆದಕಾರಣ ಇನ್ನು ಯಾರೂ ಯಾವ ಗುಂಡಿಯನ್ನೂ ಮುಟ್ಟಬಾರದೆಂದು ನಾನು ಮನೆಯವರನ್ನೆಲ್ಲ ಬೇಡಿಕೊಂಡೆನು.

ಆ ಸಂಜೆ ಅಡುಗೆಯ ಮನೆಯ ಒಲೆಯ ಬಳಿ ಕುಳಿತು ಹಲಸಿನ ಹಪ್ಪಳ ಸುಡುತ್ತಿದ್ದ ಅಕ್ಕ, ನಮ್ಮ ಚರ್ಚೆಯನ್ನು ಬಹಳ ಹೊತ್ತು ಕೇಳಿದಮೇಲೆ ಹೇಳಿದಳು: "ನಿಮ್ಮ ಅದೆಲ್ಲ ನಂಗೆ ತಿಳೀಲಿಕ್ಕಿಲ್ಲ ಮಾರಾಯ. ಆದ್ರೆ ಕರೆಂಟು ಹೋದ್ರೆ ನನ್ನ ಫೋನಿನಲ್ಲಿ ಪ್ರವಚನ ಚಂದ ಬರ್ತದೆ. ಕರೆಂಟು ಬಂತೋ, ನಿಂತೇ ಹೋಗ್ತದೆ."

ಮೊಮ್ಮಗಳು ನಕ್ಕುಬಿಟ್ಟಳು. ನಾನು ಅಕ್ಕನನ್ನು ಮತ್ತೊಮ್ಮೆ ಕೇಳಿದೆನು. ಅವಳು ಅದನ್ನೇ, ಅಷ್ಟೇ ನಿಶ್ಚಯದಿಂದ ಹೇಳಿದಳು. ಪ್ರತಿ ಮಧ್ಯಾಹ್ನ ಊಟವಾದಮೇಲೆ ತಪ್ಪದೆ ಪ್ರವಚನ ಕೇಳುವ ನಿಯಮ ಅವಳದು. ಆ ಮಳೆಗಾಲದಲ್ಲಿ ವಿದ್ಯುತ್ತು ಹೋಗದ ಮಧ್ಯಾಹ್ನವೇ ಅಪರೂಪ. ಹೀಗೆ ದಿನದಿನವೂ ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಕಾರ್ಯವನ್ನು ಮಾಡುತ್ತ ಫಲವನ್ನು ಗಮನಿಸಿದ ವ್ಯಕ್ತಿ ಆ ಮನೆಯಲ್ಲಿ ಅವಳೊಬ್ಬಳೇ. ಪ್ರಯೋಗಶಾಲೆಯವರು ಬಯಸುವುದೂ ಇಂಥ ವೀಕ್ಷಣೆಯನ್ನೇ. ಮೊಮ್ಮಗಳಿಗೆ ಇದು ತಿಳಿಯದೆ ಹೋದದ್ದರಲ್ಲಿಯೂ ಆಶ್ಚರ್ಯವಿಲ್ಲ: ವಿದ್ಯುತ್ತು ಹೋದೊಡನೆ ಬ್ಯಾಟರಿಯನ್ನು ಉಳಿಸಬೇಕೆಂದು ಅವಳು ಕಂಪ್ಯೂಟರನ್ನು ಮುಚ್ಚಿಡುತ್ತಿದ್ದಳು.

ವಿದ್ಯುತ್ತು ಹೋದಾಗ ಆ ಮನೆಯಲ್ಲಿ ಬದಲಾಗುತ್ತಿದ್ದುದಾದರೂ ಏನು? ಜಗಲಿ, ದೇವರ ಮನೆ, ಅಡುಗೆಮನೆಗಳಿಗೆ ಇನ್ವರ್ಟರಿನ ಸಂಪರ್ಕವಿದ್ದಿತು. ಆದ್ದರಿಂದ ಕೆಳಗಿನ ಪೆಟ್ಟಿಗೆ ಉರಿಯುತ್ತಲೇ ಇರುತ್ತಿತ್ತು. ಉಪ್ಪರಿಗೆಗೆ ಆ ಸೌಲಭ್ಯವಿರಲಿಲ್ಲ. ಮೇಲಿನ ಪೆಟ್ಟಿಗೆ ಆರಿಹೋಗುತ್ತಿತ್ತು. ಎಂದರೆ, ಕೆಳಗೆ ಅಡುಗೆಮನೆಯಲ್ಲಿ ಕುಳಿತ ಅಕ್ಕನ ಫೋನು, ತನಗೆ ಯಾವ ಪ್ರಯೋಜನವೂ ಇಲ್ಲದ ಮೇಲಿನ ಪೆಟ್ಟಿಗೆಯೊಂದು ಸತ್ತಾಗ ಸ್ವಸ್ಥವಾಗುತ್ತಿತ್ತು. ಮಳೆ, ಗೋಡೆ, ಬೀರು, ಕಂಪ್ಯೂಟರಿನ ವಯಸ್ಸು ಇವುಗಳ ಪೈಕಿ ಒಂದೂ ಇದನ್ನು ವಿವರಿಸಲಾರದು. ಅಕ್ಕನ ಒಂದು ಮಾತು ನಾಲ್ಕು ಊಹೆಗಳನ್ನು ಹೊರಕ್ಕೆ ಹಾಕಿತು.

ಮರುದಿನ ಬೆಳಿಗ್ಗೆ ನಾನು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಮ್ಮ ಹಳೆಯ ಕ್ರಮದಲ್ಲಿಯೇ ತೊಡಗಿದೆನು. ಮೊದಲು ಬಯಲಿನ ಭಾಗವನ್ನು ಅಳೆದೆವು. ಇಂಥ ಸಂಕೇತದ ಬಲವನ್ನು ಡೆಸಿಬೆಲ್ಲುಗಳಲ್ಲಿ, ಒಂದು ಮಿಲಿವಾಟಿಗೆ ಹೋಲಿಸಿ, ಋಣಸಂಖ್ಯೆಯಲ್ಲಿ ಹೇಳುವುದು ವಾಡಿಕೆ. ಮೈನಸ್ 50 ಎಂದರೆ ಪುಷ್ಟವಾದದ್ದು, ಮೈನಸ್ 80 ಎಂದರೆ ಉಸಿರು ಹಿಡಿದುಕೊಂಡಂತಿರುವುದು. ಮೇಲಿನ ಪೆಟ್ಟಿಗೆಯನ್ನು ಆರಿಸಿ ಕೆಳಗಿನದನ್ನು ಮಾತ್ರ ಅವಳ ಮೇಜಿನಿಂದ ಅಳೆದಾಗ ಸಂಖ್ಯೆ ಮೈನಸ್ 80ರ ಆಸುಪಾಸಿನಲ್ಲಿದ್ದಿತು. ಹತ್ತು ಡೆಸಿಬೆಲ್ಲು ಇಳಿದಾಗಲೆಲ್ಲ ಶಕ್ತಿ ಹತ್ತನೆಯ ಒಂದು ಪಾಲಿಗೆ ಇಳಿಯುವುದೆಂಬ ಲೆಕ್ಕವನ್ನು ಹಿಡಿದರೆ, ಜಗಲಿಯಲ್ಲಿ ನೂರು ಮಿಲಿವಾಟಿನಷ್ಟು ಹೊರಟಿರಬಹುದಾದದ್ದು ಮೇಜನ್ನು ಮುಟ್ಟುವಾಗ ಸಾವಿರ ಕೋಟಿ ಪಾಲುಗಳಲ್ಲಿ ಒಂದು ಪಾಲಾಗಿ ಉಳಿದಿದ್ದಿತು. ಅಷ್ಟು ಕ್ಷೀಣವಾದ ಸ್ಪಂದನವನ್ನು ಹಿಡಿದು, ಗೋಡೆಗೂ ಬೀರುವಿಗೂ ತೊಲೆಗೂ ತಾಗಿ ಬೇರೆ ಬೇರೆ ಹೊತ್ತಿಗೆ ಬಂದು ಮುಟ್ಟುವ ಅದರ ಪ್ರತಿಧ್ವನಿಗಳನ್ನು ವಿಂಗಡಿಸಿ ಅರ್ಥಮಾಡಿಕೊಳ್ಳುವ ಈ ಗ್ರಾಹಕಯಂತ್ರದ ಬಗೆಗೆ ನನಗೆ ಇಂದಿಗೂ ತಗ್ಗದ ಗೌರವವಿದೆ. ಆ ವಿಂಗಡಣೆಯ ಉಪಾಯವೊಂದನ್ನು ಆಸ್ಟ್ರೇಲಿಯದಲ್ಲಿ ರೂಪಿಸಿದ ಜಾನ್ ಓಸಲಿವನ್ ಮೂಲತಃ ರೇಡಿಯೋ ಖಗೋಳಶಾಸ್ತ್ರಜ್ಞರು. ಸಿಡಿಯುವ ಕಪ್ಪುರಂಧ್ರಗಳ ಕ್ಷೀಣವಾದ ರೇಡಿಯೋ ಸಂಕೇತಗಳಿಗಾಗಿ ಆಕಾಶವನ್ನು ಶೋಧಿಸಿದ್ದವರು. ಇರಲಿ, ಮೇಲಿನ ಪೆಟ್ಟಿಗೆಯನ್ನು ಹೊತ್ತಿಸಿದಾಗ ಸಂಖ್ಯೆ ಮೈನಸ್ 50ಕ್ಕೆ ಬಂದಿತು. ಬಯಲಿನ ಭಾಗ ಸ್ವಸ್ಥ. ಗೋಡೆಯ ತೊಂದರೆ ಸತ್ಯವಾಗಿದ್ದರೂ ಈಗಿನ ದೋಷ ಅದರದಲ್ಲ.

ಅನಂತರದ ಪ್ರಶ್ನೆಗಳಿಗೆ ನಮ್ಮ ಸಾಧನ ಪಿಂಗ್. ಸಂಪರ್ಕದ ಆಚೆಯ ತುದಿಗೆ ಪುಟ್ಟ ಸಂದೇಶವೊಂದನ್ನು ಕಳುಹಿಸಿ, ಅದು ಹಿಂದಿರುಗಿತೇ, ಎಷ್ಟು ಹೊತ್ತಿನಲ್ಲಿ ಹಿಂದಿರುಗಿತು ಎಂದು ಹೇಳುವುದಷ್ಟೇ ಇದರ ಕಾರ್ಯ. ಮೈಕ್ ಮ್ಯೂಸ್ ಎಂಬ ಅಮೆರಿಕದ ಎಂಜಿನಿಯರು 1983ರ ಡಿಸೆಂಬರಿನಲ್ಲಿ, ತಮ್ಮ ಪ್ರಯೋಗಾಲಯದ ಜಾಲದಲ್ಲಿ ತಲೆದೋರಿದ ತೊಂದರೆಯೊಂದನ್ನು ಅರಸುವುದಕ್ಕಾಗಿಯೇ ಇದನ್ನು ಬರೆದರು. ಇಂದಿಗೂ ಜಗತ್ತಿನ ಕಂಪ್ಯೂಟರುಗಳಲ್ಲೆಲ್ಲ ಇದು ನೆಲೆಯಾಗಿದೆ. ಯಂತ್ರವು ತನ್ನನ್ನು ತಾನೇ ಕರೆದುಕೊಳ್ಳುವ 127.0.0.1 ಎಂಬ ವಿಳಾಸಕ್ಕೆ ಉತ್ತರ ಬಂದಿತು. ಮನೆಯ ಜಾಲದಲ್ಲಿ ಯಂತ್ರಕ್ಕೆ ವಿಳಾಸ ಸಿಕ್ಕಿದೆಯೇ ಎಂದು ನೋಡಿದೆವು, 192.168ರಿಂದ ಮೊದಲಾಗುವ ಸರಿಯಾದ ವಿಳಾಸವೇ ಇದ್ದಿತು. ಯಾರೂ ವಿಳಾಸ ಕೊಡದೆ ಹೋದಾಗ ಯಂತ್ರ ತಾನೇ ಧರಿಸಿಕೊಳ್ಳುವ 169.254ರ ವಿಳಾಸ ಅಲ್ಲಿರಲಿಲ್ಲ. ಮನೆಯಿಂದ ಹೊರಲೋಕಕ್ಕೆ ಹೋಗುವ ಹೆಬ್ಬಾಗಿಲಿನ ವಿಳಾಸ 192.168.1.1, ಅಲ್ಲಿಂದಲೂ ಒಂದೆರಡು ಮಿಲಿಸೆಕೆಂಡಿನೊಳಗೆ ಉತ್ತರ. ಅದರಾಚೆಗೆ, 8.8.8.8 ಎಂಬ ಪ್ರಸಿದ್ಧ ವಿಳಾಸವನ್ನು ಕರೆದಾಗ, ನಿಶ್ಶಬ್ದ. ಹೆಬ್ಬಾಗಿಲು ಓಗೊಡುತ್ತದೆ, ಹೆಬ್ಬಾಗಿಲಿನಾಚೆ ಏನೂ ಇಲ್ಲ. ಹಾಗಾದರೆ ದೋಷ ಹೊರಗಿನದೆಂದು ತೀರ್ಮಾನಿಸಿ ಕಂಪೆನಿಯವರಿಗೆ ದೂರು ಕೊಡುವುದು ಸಹಜ. ಅದಕ್ಕೆ ಮೊದಲು ಹುಡುಗಿಯನ್ನು ಕೆಳಗೆ ಕಳುಹಿಸಿ ಜಗಲಿಯ ಪೆಟ್ಟಿಗೆಯ ದೀಪಗಳನ್ನು ಓದಿ ಹೇಳೆಂದೆನು. ಗಾಜಿನೆಳೆಯ ದೀಪ ಹಸಿರು, ಇಂಟರ್ನೆಟ್ಟಿನ ದೀಪ ಹಸಿರು. ಹೊರಗೂ ಸ್ವಸ್ಥ.

ಒಳಗೆ ಸ್ವಸ್ಥ, ಹೊರಗೆ ಸ್ವಸ್ಥ, ನಡುವಣ ಹೆಬ್ಬಾಗಿಲು ಉತ್ತರ ಕೊಡುತ್ತಿದೆ. ಆದರೂ ದಾರಿ ಸಾಗದು. ಇಂಥ ಸಂದರ್ಭದಲ್ಲಿ ಉತ್ತರ ಬಂದಿತೆಂದು ತೃಪ್ತಿಪಡದೆ, ಉತ್ತರ ಕೊಟ್ಟವರು ಯಾರೆಂದು ಕೇಳಬೇಕು. ಅದನ್ನು ಕೇಳುವ ಮಾರ್ಗವೂ ಇದೆ. 192.168.1.1 ಎಂಬಂಥ ವಿಳಾಸ ಯಂತ್ರಕ್ಕೆ ಹುಟ್ಟಿನಿಂದ ಬಂದದ್ದಲ್ಲ, ಜಾಲದಲ್ಲಿ ಅದಕ್ಕೆ ಕೊಟ್ಟ ಸ್ಥಾನ. ಆದರೆ ಪ್ರತಿಯೊಂದು ಯಂತ್ರಕ್ಕೂ ಅದನ್ನು ತಯಾರಿಸಿದವರು ಮುದ್ರಿಸಿರುವ ಹನ್ನೆರಡು ಅಂಕಾಕ್ಷರಗಳ ಬೇರೊಂದು ಗುರುತಿದೆ. ಅದರ ಮೊದಲ ಆರು ತಯಾರಕರನ್ನು ಸೂಚಿಸುತ್ತವೆ. ಜಾಲದಲ್ಲಿ ಯಂತ್ರವೊಂದು ಮತ್ತೊಂದನ್ನು ಮುಟ್ಟಬೇಕಾದಾಗ, "ಈ ವಿಳಾಸದವರು ಯಾರಿದ್ದೀರಿ?" ಎಂದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ, ಆ ವಿಳಾಸವುಳ್ಳದ್ದು ತನ್ನ ಹುಟ್ಟಿನ ಗುರುತನ್ನು ಹೇಳಿ ಓಗೊಡುತ್ತದೆ, ಕೇಳಿದ ಯಂತ್ರ ಅದನ್ನು ಕೆಲಕಾಲ ನೆನಪಿನಲ್ಲಿಟ್ಟುಕೊಳ್ಳುತ್ತದೆ. 1982ರಲ್ಲಿ ವಿಧಿಸಿದ ಈ ಏರ್ಪಾಡಿಗೆ ಎ.ಆರ್.ಪಿ. ಎಂದು ಹೆಸರು. ಅದು ನೆನಪಿಟ್ಟುಕೊಂಡ ಪಟ್ಟಿಯನ್ನು ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ತೆರೆದು, ಹೆಬ್ಬಾಗಿಲಿನ ಎದುರಿಗಿದ್ದ ಗುರುತನ್ನು ಹುಡುಗಿಯ ಕೈಯಿಂದ ಕಾಗದದಲ್ಲಿ ಬರೆಯಿಸಿದೆನು. ಸಂಪರ್ಕ ತಾನಾಗಿ ಮರಳುವವರೆಗೆ ಕಾದುಕುಳಿತು, ಮರಳಿದೊಡನೆ ಅದೇ ಪಟ್ಟಿಯನ್ನು ಮತ್ತೆ ತೆರೆಸಿದೆನು.

ಗುರುತು ಬದಲಾಗಿದ್ದಿತು. ವಿಳಾಸ ಅದೇ, ಯಂತ್ರ ಬೇರೆ. ಮೊದಲ ಆರು ಅಂಕಾಕ್ಷರಗಳೇ ಬೇರೆಯಾಗಿದ್ದುದರಿಂದ ತಯಾರಕರೂ ಬೇರೆ. ಹುಡುಗಿ ಮಾತಿಲ್ಲದೆ ಎದ್ದು, ಮೇಲಿನ ಪೆಟ್ಟಿಗೆಯನ್ನು ಮಗುಚಿ ಅಡಿಯ ಚೀಟಿಯನ್ನು ಓದಿ, ಜಗಲಿಗೆ ಇಳಿದು ಕೆಳಗಿನದನ್ನೂ ಓದಿ, ಎರಡು ಗುರುತುಗಳನ್ನೂ ಕಾಗದದೊಡನೆ ಹೋಲಿಸಿ, ಮೆಟ್ಟಿಲಿನ ಬುಡದಿಂದಲೇ ಕೂಗಿ ಹೇಳಿದಳು: "ಅಜ್ಜ, ಎರಡೂ ತಾನೇ ಗೇಟ್‌ವೇ ಅಂತ ಹೇಳ್ತಾ ಇದಾವೆ!" ಅವಳ ಆ ದನಿಯಲ್ಲಿದ್ದ ಆನಂದವನ್ನು ನಾನು ಬಲ್ಲೆನು, ದೋಷವೊಂದು ಮೊದಲ ಬಾರಿಗೆ ಕೈಗೆ ಸಿಕ್ಕಿದವರ ದನಿ ಎಲ್ಲ ಕಾಲದಲ್ಲಿಯೂ ಹಾಗೆಯೇ ಇರುತ್ತದೆ.

ಮುಂದಿನದೆಲ್ಲ ಬೆಳಕಿನಷ್ಟು ಸ್ಪಷ್ಟವಾಯಿತು. ಕಾರ್ಖಾನೆಯಿಂದ ಹೊರಡುವ ರೂಟರುಗಳಲ್ಲಿ ಬಹಳಷ್ಟು 192.168.1.1 ಎಂಬ ವಿಳಾಸವನ್ನು ಧರಿಸಿಯೇ ಬರುತ್ತವೆ. ಕೇಳಿದವರಿಗೆಲ್ಲ ವಿಳಾಸ ಹಂಚುವ ಡಿ.ಎಚ್.ಸಿ.ಪಿ. ಎಂಬ ಅಧಿಕಾರವನ್ನೂ ತಾವೇ ಇಟ್ಟುಕೊಂಡಿರುತ್ತವೆ. ಮನೆಗೊಂದೇ ಪೆಟ್ಟಿಗೆಯಿದ್ದಾಗ ಇದು ಅನುಕೂಲ. ಯುವಕನು ಕೇಬಲ್ಲನ್ನು ಸೇರಿಸಿದ್ದ ರಂಧ್ರ ಸರಿಯಾದದ್ದೇ. ಆದರೆ ಎರಡನೆಯ ಪೆಟ್ಟಿಗೆಯ ಈ ಜನ್ಮಸಿದ್ಧ ಗುಣಗಳನ್ನು ಬದಲಾಯಿಸದೆ ಬಿಟ್ಟಿದ್ದುದರಿಂದ, ಹೊರಲೋಕದ ತಂತಿಯೇ ಇಲ್ಲದ ಮೇಲಿನ ಪೆಟ್ಟಿಗೆಯೂ ತಾನು ಹೆಬ್ಬಾಗಿಲೆಂದು ಓಗೊಡುತ್ತಿದ್ದಿತು. ಅದರ ಓಗೊಡುವಿಕೆಯನ್ನು ನಂಬಿದ ಯಂತ್ರ, ಕೆಳಗಿರಲಿ ಮೇಲಿರಲಿ, ತನ್ನ ಸಂದೇಶಗಳನ್ನೆಲ್ಲ ಅದಕ್ಕೆ ಒಪ್ಪಿಸುತ್ತಿತ್ತು. ಅವು ಅಲ್ಲಿಯೇ ಲಯವಾಗುತ್ತಿದ್ದವು. ನೆನಪು ಹಳತಾಗಿ ಮತ್ತೆ ಕೂಗಿದಾಗ ಒಂದು ವೇಳೆ ಕೆಳಗಿನದು ಓಗೊಟ್ಟರೆ ಎಲ್ಲವೂ ಸರಿ. ವಿದ್ಯುತ್ತು ಹೋದಾಗ ಮೇಲಿನದು ಸುಮ್ಮನಾಗುತ್ತಿದ್ದುದರಿಂದ ಅಕ್ಕನ ಪ್ರವಚನ ನಿರ್ವಿಘ್ನವಾಗಿ ಸಾಗುತ್ತಿತ್ತು.

ಪರಿಹಾರಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಎರಡಕ್ಕೂ ಒಂದೇ ವಿಳಾಸವಿರುವಾಗ ಯಾವುದರ ಪುಟ ತೆರೆದುಕೊಳ್ಳುವುದೆಂದು ನಂಬುವಂತಿಲ್ಲವಾಗಿ, ಮೊದಲು ಅವುಗಳ ನಡುವಣ ನೀಲಿಯ ಕೇಬಲ್ಲನ್ನು ಬಿಡಿಸಿ, ಕಂಪ್ಯೂಟರನ್ನು ಗಿಡ್ಡ ಕೇಬಲ್ಲಿನಿಂದ ಮೇಲಿನ ಪೆಟ್ಟಿಗೆಗೆ ಮಾತ್ರ ಜೋಡಿಸಿ, ಅದರ ವಿಳಾಸವನ್ನು 192.168.1.2 ಎಂದು ಮಾಡಿ, ವಿಳಾಸ ಹಂಚುವ ಅಧಿಕಾರವನ್ನು ತೆಗೆದುಹಾಕಿದೆವು. ಕೆಳಗಿನದು ಇನ್ನಾರಿಗೋ ಅದೇ 2ನೆಯ ವಿಳಾಸವನ್ನು ಹಂಚದಂತೆ, ಅದರ ಹಂಚಿಕೆ 10ರಿಂದ ಮೊದಲಾಗಲೆಂದು ವಿಧಿಸಿದೆವು. ಕೆಳಗಿನದಕ್ಕೆ 1ನೆಯ ವಾಹಿನಿಯನ್ನೂ ಮೇಲಿನದಕ್ಕೆ 11ನೆಯದನ್ನೂ ಕೊಟ್ಟೆವು, 2.4 ಗಿಗಾಹರ್ಟ್ಸಿನ ಪಟ್ಟಿಯಲ್ಲಿ ವಾಹಿನಿಗಳ ನಡುವಣ ಅಂತರ ಐದೈದು ಮೆಗಾಹರ್ಟ್ಸ್ ಮಾತ್ರ, ಒಂದೊಂದೂ ಹಬ್ಬುವುದು ಇಪ್ಪತ್ತಕ್ಕೂ ಮೀರಿ. ಆದ್ದರಿಂದ 1, 6, 11 ಇವು ಒಂದರಮೇಲೊಂದು ಬೀಳದೆ ನಿಲ್ಲುತ್ತವೆ. ಬೆಂಗಳೂರಿನ ವಸತಿಸಮುಚ್ಚಯದಲ್ಲಾದರೆ ನೆರೆಯವರ ಹತ್ತಾರು ಪೆಟ್ಟಿಗೆಗಳ ನಡುವೆ ತೆರಪು ಹುಡುಕಬೇಕಾಗುತ್ತಿತ್ತು. ಇಲ್ಲಿ ಪಕ್ಕದ ಮನೆಯೆಂದರೆ ಅಡಿಕೆತೋಟದಾಚೆ. ಬೀರುವನ್ನು ಸರಿಸುವುದಕ್ಕೆ ಮನೆಯ ಗಂಡಸರೆಲ್ಲ ಸೇರಬೇಕಾಯಿತು.

ಏನಾಗಿತ್ತೆಂದು ತಿಳಿಯುವ ಅಧಿಕಾರ ಎಲ್ಲರಿಗಿಂತ ಮೊದಲು ಅಕ್ಕನದಾಗಿದ್ದಿತು. ಅಜ್ಜನ ಹೆಸರನ್ನೇ ಮೊಮ್ಮಗನಿಗೂ ಇಟ್ಟ ಮನೆಯಲ್ಲಿ ಹೊರಗಿನವರು ಬಂದು ಕೂಗಿದರೆ ಒಮ್ಮೆ ಯಜಮಾನರು ಓಗೊಡುತ್ತಾರೆ, ಒಮ್ಮೆ ಮಗು ಓಗೊಡುತ್ತದೆ, ಮಗುವಿನ ಕೈಗೆ ಕೊಟ್ಟ ಕಾಗದ ಯಜಮಾನರಿಗೆ ಮುಟ್ಟುವುದಿಲ್ಲ ಎಂದು ನಾನು ವಿವರಿಸಿದೆನು. "ಹಂಗಾರೆ ಮಗುವಿಗೆ ಬೇರೆ ಹೆಸರಿಟ್ರಿ ಅನ್ನು" ಎಂದಳು. ಅಷ್ಟರಲ್ಲಿ ಎಲ್ಲವೂ ಅಡಗಿದ್ದಿತು. ಪ್ರವಚನದ ಹೊತ್ತಾಗಿದ್ದುದರಿಂದ ಅವಳು ಫೋನನ್ನು ಎತ್ತಿಕೊಂಡಳು. ಮನೆಯಲ್ಲಿ ವಿದ್ಯುತ್ತಿದ್ದಿತು, ಪ್ರವಚನವೂ ಬಂದಿತು.

ಅಲ್ಲಿಂದ ಹೊರಡುವ ಮುನ್ನ ಹುಡುಗಿ ತಾನಾಗಿಯೇ, ನಾವು ಕೇಳಿದ ಪ್ರಶ್ನೆಗಳನ್ನು ಕೇಳಿದ ಅನುಕ್ರಮದಲ್ಲಿ ಒಂದು ಹಾಳೆಯಲ್ಲಿ ಬರೆದು, ಎರಡು ಪೆಟ್ಟಿಗೆಗಳ ವಿಳಾಸ, ಹುಟ್ಟಿನ ಗುರುತು, ಯಾವ ಕೇಬಲ್ಲು ಎಲ್ಲಿಂದ ಎಲ್ಲಿಗೆ ಎಂಬ ವಿವರಗಳನ್ನು ಸೇರಿಸಿ, ಜಗಲಿಯ ಗೂಡಿನ ಬಾಗಿಲಿನ ಒಳಮೈಗೆ ಅಂಟಿಸಿದ್ದಳು. ದುಡ್ಡು ತೆಗೆದುಕೊಳ್ಳದೆ ಕೆಲಸ ಮಾಡಿದ್ದ ಆ ಯುವಕನನ್ನೂ ಕರೆಸಿ ತೋರಿಸಿದೆವು. ಆತ ಸಂಕೋಚಪಡದೆ ಅದನ್ನೆಲ್ಲ ತನ್ನ ಫೋನಿನಲ್ಲಿ ಚಿತ್ರ ತೆಗೆದುಕೊಂಡು, ಇನ್ನೆರಡು ಮನೆಗಳಲ್ಲಿಯೂ ಹೀಗೆಯೇ ಹಾಕಿಕೊಟ್ಟಿದ್ದೇನೆಂದು ಹೇಳಿ, ಮಳೆಯಲ್ಲಿಯೇ ಬೈಕು ಹತ್ತಿ ಆ ಮನೆಗಳ ಕಡೆಗೆ ಹೊರಟನು. ನನಗೆ ಅವನ ವಿಷಯದಲ್ಲಿ ಬಹಳ ಆದರವುಂಟಾಯಿತು.

ಶ್ರಾವಣದಲ್ಲಿ ಗಾಳಿಮಳೆಗೆ ಮರವೊಂದು ಬಿದ್ದು ಅಕ್ಕನ ಮನೆಯ ಸಂಪರ್ಕ ಪೂರ್ತಿಯಾಗಿ ನಿಂತಿತು. ನಾನು ಶಿವಮೊಗ್ಗೆಯಲ್ಲಿದ್ದೆನು, ನನ್ನನ್ನು ಕೇಳುವ ಪ್ರಮೇಯವೇ ಒದಗಲಿಲ್ಲ. ಹುಡುಗಿ ಹಾಳೆಯ ಕ್ರಮದಲ್ಲಿ ಪರೀಕ್ಷಿಸಿ, ಮನೆಯೊಳಗಣ ಎರಡು ಪೆಟ್ಟಿಗೆಗಳೂ ಉತ್ತರ ಕೊಡುತ್ತಿವೆ, ಗಾಜಿನೆಳೆಯ ಪೆಟ್ಟಿಗೆಯಲ್ಲಿ ಎಲ್.ಒ.ಎಸ್. ಎಂಬ ದೀಪ ಕೆಂಪಾಗಿದೆ, ಆದ್ದರಿಂದ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಎಂದು ಲೈನ್‌ಮನ್ನರಿಗೆ ಫೋನಿನಲ್ಲಿ ಹೇಳಿದ್ದಳು. ಅವರು ಮನೆಯೊಳಕ್ಕೆ ಬರುವ ಶ್ರಮ ತೆಗೆದುಕೊಳ್ಳದೆ, ರಸ್ತೆಯ ಬದಿಯ ಕಂಬದ ಪೆಟ್ಟಿಗೆಯವರೆಗೆ ಬೆಳಕು ಬರುತ್ತಿದೆಯೆಂದು ನೋಡಿಕೊಂಡು, ಅಲ್ಲಿಂದ ಮನೆಯ ಕಡೆಗೆ ಹೋಗುವ ಎಳೆಗೆ ತಮ್ಮ ಒ.ಟಿ.ಡಿ.ಆರ್. ಯಂತ್ರವನ್ನು ಜೋಡಿಸಿ, ಅದು ತೋರಿಸಿದ 300 ಮೀಟರಿನ ಗುರುತಿಗೆ ನೇರವಾಗಿ ತೋಟದೊಳಗೆ ನಡೆದು, ಬಿದ್ದ ಮರದ ಅಡಿಯಲ್ಲಿ ತುಂಡಾಗಿದ್ದ ಎಳೆಯನ್ನು ಟಾರ್ಪಾಲಿನ ಮರೆಯಲ್ಲಿ ಕುಳಿತು ಬೆಸೆದರಂತೆ. ಆ ರಾತ್ರಿ ಅವಳು ನನಗೆ ಫೋನು ಮಾಡಿ ಕೇಳಿದ್ದು ಆ ಯಂತ್ರದ ವಿಚಾರವನ್ನು. ಎಳೆಯೊಳಕ್ಕೆ ಬೆಳಕಿನ ಮಿಡಿತವೊಂದನ್ನು ಕಳುಹಿಸಿ, ತುಂಡಾದ ತುದಿಗೆ ತಾಗಿ ಅದು ಮರಳುವ ಹೊತ್ತನ್ನು ಅಳೆಯುತ್ತದೆ ಎಂದೆನು. ಗಾಜಿನಲ್ಲಿ ಬೆಳಕಿನ ವೇಗವೆಷ್ಟೆಂದಳು. ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರೆಂದೆನು. ಆಚೆಯಲ್ಲಿ ಪೆನ್ಸಿಲು ಓಡುವುದು ನನಗೆ ಕೇಳಿಸುತ್ತಿತ್ತು. "ಹೋಗಲಿಕ್ಕೂ ಬರಲಿಕ್ಕೂ ಸೇರಿ ಆರುನೂರು ಮೀಟರು. ಅಂದ್ರೆ ಮೂರು ಮೈಕ್ರೋಸೆಕೆಂಡು, ಅಲ್ವಾ ಅಜ್ಜ?" ಎಂದಳು. ಲೆಕ್ಕ ಸರಿಯಾಗಿದ್ದಿತು.